ಗಂಜ್‌ನಲ್ಲಿ 120 ಗಂಟೆ: ಕಾಲೇಜಿನ ಇಂಟರ್ನ್‌ಶಿಪ್, ಅದರ ಕ್ರೆಡಿಟ್, ಮುಂದಿನ ಕೆಲಸ

"ಸರ್, ಕೊನೆಗೆ ಸರ್ಟಿಫಿಕೇಟ್ ಸಿಗ್ತದಲ್ರಿ? ಅಷ್ಟ ಸಾಕ್ರಿ."

ನಾಲ್ಕನೇ ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಮಕ್ಕಳು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಹೀಗೇ ಕೇಳುತ್ತಾರೆ. ನಾನು ಕಲಬುರಗಿಯ ಒಂದು ಪದವಿ ಕಾಲೇಜಿನಲ್ಲಿ ಕಾಮರ್ಸ್ ಪಾಠ ಮಾಡುತ್ತೇನೆ. ಮಕ್ಕಳು ಕೆಲಸದ ಜಾಗಕ್ಕೆ ಹೋಗಿ ಕಲಿಯುವ ಇಂಟರ್ನ್‌ಶಿಪ್‌ನ ಉಸ್ತುವಾರಿಯೂ ನನ್ನದೇ. ಹೀಗೆ ಕೇಳುವ ಮಕ್ಕಳನ್ನು ಬೈಯಲು ಮನಸ್ಸು ಬರುವುದಿಲ್ಲ. ಅವರಿಗೆ ಯಾರೂ ಇದನ್ನು ಬಿಡಿಸಿ ಹೇಳಿರುವುದಿಲ್ಲ. ಸಿಲಬಸ್‌ನಲ್ಲಿ 'ಇಂಟರ್ನ್‌ಶಿಪ್' ಅಂತ ಒಂದು ಸಾಲು ಇರುತ್ತದೆ, ಪಕ್ಕದಲ್ಲಿ ಒಂದು ಅಂಕಿ ಇರುತ್ತದೆ. ಮನೆಯಲ್ಲಿ ಅಪ್ಪ ಅಮ್ಮನಿಗೂ ಇದು ಹೊಸ ಮಾತು. ಆ ಒಂದು ಸಾಲಿನ ಹಿಂದೆ ಏನೇನಿದೆ ಅಂತ ಇಲ್ಲಿ ಬರೆದಿದ್ದೇನೆ. ನಮ್ಮ ಕಲಬುರಗಿ, ಬೀದರ್, ಯಾದಗಿರಿಯ ಮಕ್ಕಳನ್ನೇ ಕಣ್ಣ ಮುಂದೆ ಇಟ್ಟುಕೊಂಡು ಬರೆದಿದ್ದೇನೆ.

ಕ್ರೆಡಿಟ್ ಎಂದರೆ ಗಂಟೆಯ ಲೆಕ್ಕ

ಕ್ರೆಡಿಟ್ ಮತ್ತು ಅಂಕ ಬೇರೆ ಬೇರೆ. ಅಂಕ ಹೇಳುವುದು ನೀವು ಎಷ್ಟು ಚೆನ್ನಾಗಿ ಮಾಡಿದಿರಿ ಅನ್ನುವುದನ್ನು. ಕ್ರೆಡಿಟ್ ಹೇಳುವುದು ಆ ವಿಷಯದ ತೂಕ ಎಷ್ಟು, ಅದಕ್ಕೆ ಎಷ್ಟು ಹೊತ್ತು ಕೊಡಬೇಕು ಅನ್ನುವುದನ್ನು.

ದೇಶದ ವಿಶ್ವವಿದ್ಯಾಲಯಗಳಿಗೆ ನಿಯಮ ಹಾಕುವ ಯುಜಿಸಿ 2022ರ ಡಿಸೆಂಬರ್‌ನಲ್ಲಿ ಪದವಿ ಕೋರ್ಸ್‌ಗಳಿಗೆ ಒಂದು ಚೌಕಟ್ಟು ಹೊರಡಿಸಿತು. ಅದರ ಪ್ರಕಾರ ಮೂರು ವರ್ಷದ ಪದವಿಗೆ ಕನಿಷ್ಠ 120 ಕ್ರೆಡಿಟ್ ಬೇಕು. ಒಂದು ಸೆಮಿಸ್ಟರ್ ಎಂದರೆ 15 ವಾರ. ವಾರಕ್ಕೆ ಒಂದು ಗಂಟೆ ಪಾಠವಿದ್ದರೆ, ಅಂದರೆ ಒಟ್ಟು 15 ಗಂಟೆ ಪಾಠಕ್ಕೆ, ಒಂದು ಕ್ರೆಡಿಟ್. ಇಂಟರ್ನ್‌ಶಿಪ್‌ನಲ್ಲಿ ವಾರಕ್ಕೆ ಎರಡು ಗಂಟೆ ಲೆಕ್ಕ. ಹಾಗಾಗಿ ಒಂದು ಕ್ರೆಡಿಟ್‌ಗೆ 30 ಗಂಟೆ.

"ಯಾಕ್ರಿ ಸರ್ ಡಬಲ್?" ಅಂತ ಒಬ್ಬ ಹುಡುಗ ಕೇಳಿದ್ದ. ಒಳ್ಳೆಯ ಪ್ರಶ್ನೆ. ಪಾಠದ ಒಂದು ಗಂಟೆಯಲ್ಲಿ ಮೇಷ್ಟ್ರು ಮೊದಲೇ ಸೋಸಿ ತಂದದ್ದನ್ನು ಕೊಡುತ್ತಾರೆ. ಕೆಲಸದ ಜಾಗದಲ್ಲಿ ಯಾರೂ ಸೋಸಿ ಕೊಡುವುದಿಲ್ಲ. ಕಾಯಬೇಕು, ನೋಡಬೇಕು, ತಪ್ಪು ಮಾಡಬೇಕು, ಮತ್ತೆ ಮಾಡಬೇಕು. ಅದಕ್ಕೆ ಹೊತ್ತು ಜಾಸ್ತಿ ಹಿಡಿಯುತ್ತದೆ.

2024ರಲ್ಲಿ ಯುಜಿಸಿ ಇಂಟರ್ನ್‌ಶಿಪ್‌ಗೆಂದೇ ಬೇರೆ ಮಾರ್ಗಸೂಚಿ ತಂದಿತು. ನಾಲ್ಕನೇ ಸೆಮಿಸ್ಟರ್ ಆದಮೇಲೆ 60ರಿಂದ 120 ಗಂಟೆ, ಅದಕ್ಕೆ 2ರಿಂದ 4 ಕ್ರೆಡಿಟ್ ಅಂತ ಅದರಲ್ಲಿ ಇದೆ. ಲೆಕ್ಕ ಹಾಕಿ ನೋಡಿ. ನಾಲ್ಕು ಕ್ರೆಡಿಟ್ ಅಂದರೆ 120 ಗಂಟೆ. ದಿನಕ್ಕೆ 6 ಗಂಟೆ ಹೋದರೆ 20 ದಿನ. 8 ಗಂಟೆ ಹೋದರೆ 15 ದಿನ. ಎರಡೇ ಕ್ರೆಡಿಟ್ ಆದರೆ ಅದರ ಅರ್ಧ. ಕೇಳಲು ದೊಡ್ಡ ಮಾತು ಅನ್ನಿಸಿದರೂ ಇದು ಒಂದು ತಿಂಗಳೊಳಗೆ ಮುಗಿಯುವ ಕೆಲಸ.

ಇಲ್ಲಿ ಒಂದು ಎಚ್ಚರ ಬೇಕು. ಯುಜಿಸಿ ಹಾಕುವುದು ಚೌಕಟ್ಟು. ನಿಮಗೆ ಲಾಗುವಾಗುವುದು ನಿಮ್ಮ ವಿಶ್ವವಿದ್ಯಾಲಯದ, ನಿಮ್ಮ ಬ್ಯಾಚಿನ ಸಿಲಬಸ್. ನಮ್ಮ ರಾಜ್ಯದಲ್ಲಿ ನಾಲ್ಕು ವರ್ಷದ ಪದವಿ ಕೈಬಿಟ್ಟು 2024-25ರಿಂದ ಮತ್ತೆ ಮೂರು ವರ್ಷಕ್ಕೆ ಬಂದೆವು. ಅದರಿಂದ ಅಣ್ಣನ ಬ್ಯಾಚಿಗೆ ಇದ್ದ ನಿಯಮ ತಂಗಿಯ ಬ್ಯಾಚಿಗೆ ಇರಲಿಕ್ಕಿಲ್ಲ. ಮೇಲಾಗಿ ನಮ್ಮ ಮೂರು ಜಿಲ್ಲೆಗೆ ಈಗ ಒಂದೇ ವಿಶ್ವವಿದ್ಯಾಲಯವೂ ಇಲ್ಲ. 1980ರಲ್ಲಿ ಶುರುವಾದ ಗುಲಬರ್ಗಾ ವಿಶ್ವವಿದ್ಯಾಲಯವೇ ಮೊದಲು ಎಲ್ಲರಿಗೂ ಆಸರೆ. ಈಗ ಯಾದಗಿರಿಯ ಪದವಿ ಕಾಲೇಜುಗಳು ರಾಯಚೂರಿನ ವಿಶ್ವವಿದ್ಯಾಲಯಕ್ಕೆ ಸೇರಿವೆ, ಬೀದರ್‌ನವು ಬೀದರ್ ವಿಶ್ವವಿದ್ಯಾಲಯಕ್ಕೆ. ಗೆಳತಿಯ ವಾಟ್ಸ್‌ಆ್ಯಪ್ ಫಾರ್ವರ್ಡ್ ನಂಬಬೇಡಿ. ನಿಮ್ಮ ಸಿಲಬಸ್ ಪುಸ್ತಕದ ಮೊದಲ ಪುಟಗಳಲ್ಲಿ ಒಂದು ಪಟ್ಟಿ ಇರುತ್ತದೆ. ವಾರಕ್ಕೆ ಎಷ್ಟು ಗಂಟೆ, ಕಾಲೇಜಿನ ಅಂಕ ಎಷ್ಟು, ಪರೀಕ್ಷೆಯ ಅಂಕ ಎಷ್ಟು, ಕ್ರೆಡಿಟ್ ಎಷ್ಟು ಅಂತ. ಆ ಪಟ್ಟಿಯೇ ಕೊನೆಯ ಮಾತು.

ಈ ಕ್ರೆಡಿಟ್ ಸಣ್ಣದು, ಬಿಡು ಅಂತ ತಳ್ಳಿಹಾಕುವವರಿಗೆ ಬೋರ್ಡಿನ ಮೇಲೆ ಒಂದು ಲೆಕ್ಕ ಮಾಡಿ ತೋರಿಸುತ್ತೇನೆ. ಒಂದು ಸೆಮಿಸ್ಟರ್‌ನಲ್ಲಿ ತಲಾ 4 ಕ್ರೆಡಿಟ್‌ನ ಐದು ವಿಷಯ, ಜೊತೆಗೆ 4 ಕ್ರೆಡಿಟ್‌ನ ಇಂಟರ್ನ್‌ಶಿಪ್ ಇದೆ ಅನ್ನಿ. ಐದೂ ವಿಷಯದಲ್ಲಿ ಗ್ರೇಡ್ ಪಾಯಿಂಟ್ 7 ಬಂತು. 20 ಕ್ರೆಡಿಟ್, 140 ಪಾಯಿಂಟ್. ಇಂಟರ್ನ್‌ಶಿಪ್‌ನಲ್ಲಿ 9 ಬಂದರೆ 36 ಪಾಯಿಂಟ್ ಸೇರಿ 176 ಆಯಿತು. 24ರಿಂದ ಭಾಗಿಸಿದರೆ ಎಸ್‌ಜಿಪಿಎ, ಅಂದರೆ ಆ ಸೆಮಿಸ್ಟರ್‌ನ ಸರಾಸರಿ ಗ್ರೇಡ್ ಪಾಯಿಂಟ್, 7.33. ಅದೇ ಇಂಟರ್ನ್‌ಶಿಪ್‌ನಲ್ಲಿ ಸೊನ್ನೆ ಬಿದ್ದರೆ? 140ನ್ನು 24ರಿಂದ ಭಾಗಿಸಿ. 5.83. ಐದು ವಿಷಯಕ್ಕೆ ಸೆಮಿಸ್ಟರ್ ಪೂರ್ತಿ ಓದಿದ್ದನ್ನು ಇದೊಂದು ಸಾಲು ಮೇಲೆತ್ತಬಲ್ಲದು, ಕೆಳಗೂ ಎಳೆಯಬಲ್ಲದು.

ಎಂಜಿನಿಯರಿಂಗ್ ಮಕ್ಕಳಿಗೆ ಇದರ ತೂಕ ಇನ್ನೂ ಜಾಸ್ತಿ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) 2022ರ ಸ್ಕೀಮ್‌ನಲ್ಲಿ ಕೊನೆಯ ವರ್ಷ 14ರಿಂದ 20 ವಾರದ ಇಂಟರ್ನ್‌ಶಿಪ್ ಇದೆ, ಅದಕ್ಕೆ 10 ಕ್ರೆಡಿಟ್. ಸ್ವಾಯತ್ತ ಕಾಲೇಜುಗಳದು ಬೇರೆ ಸ್ಕೀಮ್, ಅವರು ತಮ್ಮದನ್ನೇ ನೋಡಿಕೊಳ್ಳಬೇಕು. ಬಿ.ಎಡ್., ಎಂಬಿಬಿಎಸ್ ಮತ್ತು ಕೃಷಿ ಓದುವವರಿಗಂತೂ ಇದು ಹೊಸದೇ ಅಲ್ಲ. ಶಾಲೆಯಲ್ಲಿ ಪಾಠ ಮಾಡದೆ ಬಿ.ಎಡ್. ಮುಗಿಯುವುದಿಲ್ಲ, ಒಂದು ವರ್ಷ ಆಸ್ಪತ್ರೆಯಲ್ಲಿ ದುಡಿಯದೆ ಡಾಕ್ಟರ್ ಆಗುವುದಿಲ್ಲ. ಬಿ.ಎ., ಬಿ.ಕಾಂ., ಬಿ.ಎಸ್ಸಿ.ಗೆ ಈ ಪದ್ಧತಿ ಈಗ ಬರುತ್ತಿದೆ, ಅಷ್ಟೇ ವ್ಯತ್ಯಾಸ.

ಮೂರು ಹೆಸರು, ಮೂರು ಬೇರೆ ವಿಷಯ

ಮಕ್ಕಳು ಜಾಸ್ತಿ ಗೊಂದಲ ಮಾಡಿಕೊಳ್ಳುವುದು ಇಲ್ಲಿ. ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ ಅಂತ ಒಂದಿದೆ. 2024ರ ಅಕ್ಟೋಬರ್‌ನಲ್ಲಿ ಪ್ರಾಯೋಗಿಕವಾಗಿ ಶುರುವಾಯಿತು. ಶುರುವಾದಾಗಿನ ನಿಯಮದಂತೆ 12 ತಿಂಗಳ ಅವಧಿ, ತಿಂಗಳಿಗೆ 5,000 ರೂಪಾಯಿ, ಸೇರುವಾಗ ಒಂದು ಸಲ 6,000 ರೂಪಾಯಿ. ಹೆಸರಲ್ಲಿ ಇಂಟರ್ನ್‌ಶಿಪ್ ಅಂತ ಇರುವುದರಿಂದ ಎರಡನೇ ವರ್ಷದ ಮಕ್ಕಳೂ ಅರ್ಜಿ ಹಾಕಲು ಓಡುತ್ತಾರೆ. ಆದರೆ ಆ ನಿಯಮದಲ್ಲಿ ರೆಗ್ಯುಲರ್ ಆಗಿ ಕಾಲೇಜಿಗೆ ಹೋಗುತ್ತಿರುವವರಿಗೆ ಅದು ಇರಲಿಲ್ಲ. 21ರಿಂದ 24 ವರ್ಷದ, ಪೂರ್ಣಾವಧಿ ಓದಿನಲ್ಲೂ ಪೂರ್ಣಾವಧಿ ಕೆಲಸದಲ್ಲೂ ಇಲ್ಲದವರಿಗೆ ಅಂತ ಮಾಡಿದ್ದು. ನಿಮ್ಮ ಸೆಮಿಸ್ಟರ್ ಕ್ರೆಡಿಟ್‌ಗೂ ಅದಕ್ಕೂ ಸಂಬಂಧವಿಲ್ಲ. ಡಿಗ್ರಿ ಮುಗಿದಮೇಲೆ ಬೇಕಾದರೆ ಆಗಿನ ನಿಯಮ ನೋಡಿ ಅರ್ಜಿ ಹಾಕಿ.

ಇನ್ನೊಂದು ಅಪ್ರೆಂಟಿಸ್‌ಶಿಪ್, ಅಂದರೆ ದುಡಿಯುತ್ತಾ ಕಸುಬು ಕಲಿಯುವುದು. ಅದಕ್ಕೆ 1961ರ ಕಾಯ್ದೆಯ ಬಲ ಇದೆ. ಕರಾರು ಇರುತ್ತದೆ, ಸ್ಟೈಪೆಂಡ್ ಕೊಡಲೇಬೇಕು. ಇಂಟರ್ನ್‌ಶಿಪ್‌ನಲ್ಲಿ ಕೊಟ್ಟರೆ ಸಂತೋಷ, ಕೊಡದಿದ್ದರೆ ಕೇಳಲು ಕಾನೂನು ಇಲ್ಲ. ಅಪ್ರೆಂಟಿಸ್‌ಶಿಪ್ ಅನ್ನೇ ಪದವಿಯೊಳಗೆ ಸೇರಿಸಿದ ಕೋರ್ಸ್‌ಗಳೂ ಈಗ ಬಂದಿವೆ. ಅವುಗಳಲ್ಲಿ ತಿಂಗಳುಗಟ್ಟಲೆ ಕೆಲಸದ ಜಾಗದಲ್ಲೇ ಇರಬೇಕು. ಸೇರುವ ಮುಂಚೆಯೇ ತಿಳಿದುಕೊಂಡು ಸೇರುವ ಕೋರ್ಸ್ ಅದು. ನಾವು ಮಾತಾಡುತ್ತಿರುವ 60-120 ಗಂಟೆಯ ಇಂಟರ್ನ್‌ಶಿಪ್ ಇವೆರಡಕ್ಕಿಂತ ಬೇರೆ.

ಬೆಂಗಳೂರಿಗೇ ಹೋಗಬೇಕಾ?

ಬೇಡ. ಇದನ್ನು ನಾನು ಗಟ್ಟಿಯಾಗಿ ಹೇಳುತ್ತೇನೆ. ನಮ್ಮ ಮಕ್ಕಳ ತಲೆಯಲ್ಲಿ ಇಂಟರ್ನ್‌ಶಿಪ್ ಅಂದರೆ ಗಾಜಿನ ಕಟ್ಟಡ, ಕೊರಳಲ್ಲಿ ಐಡಿ ಕಾರ್ಡ್. 20 ದಿನಕ್ಕೆ ಬೆಂಗಳೂರಿನಲ್ಲಿ ರೂಮು, ಊಟ, ಓಡಾಟ ಅಂದರೆ ಎಷ್ಟೋ ಮನೆಗಳಿಗೆ ಭಾರ. ಆ ಖರ್ಚಿಗೆ ಹೆದರಿ ಇಂಟರ್ನ್‌ಶಿಪ್ಪೇ ಬೇಡ, ಎಲ್ಲಾದರೂ ಒಂದು ಸರ್ಟಿಫಿಕೇಟ್ ತಂದುಕೊಡೋಣ ಅನ್ನುವ ದಾರಿ ಹಿಡಿಯುತ್ತಾರೆ.

ನಮ್ಮ ಸುತ್ತ ಏನಿದೆ ನೋಡಿ. ಕಲಬುರಗಿಯ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಈ ನೆಲದ್ದೇ ಅನ್ನುವ ಗುರುತು, ಬಂತು. ಗಂಜ್‌ನಲ್ಲಿ, ಅಂದರೆ ನಮ್ಮ ಕೃಷಿ ಮಾರುಕಟ್ಟೆಯಲ್ಲಿ, ಅಡತ್ (ದಲಾಲಿ) ಅಂಗಡಿಗಳ ಸಾಲೇ ಇದೆ, ಊರ ಸುತ್ತ ಬೇಳೆ ಮಿಲ್‌ಗಳಿವೆ. ಖರೀದಿ, ದಾಸ್ತಾನು, ಸಾಗಣೆ, ಸಾಲ, ತೆರಿಗೆ ಅಂತ ಕಾಮರ್ಸ್ ಪುಸ್ತಕದ ಎಲ್ಲ ಅಧ್ಯಾಯವೂ ಅಲ್ಲಿ ಒಂದೇ ಅಂಗಳದಲ್ಲಿ ನಡೆಯುತ್ತದೆ. ವಾಡಿ, ಮಳಖೇಡ ಕಡೆ ಸಿಮೆಂಟ್ ಕಾರ್ಖಾನೆಗಳಿವೆ. ಅಲ್ಲಿಯ ಲ್ಯಾಬ್‌ನಲ್ಲಿ ಸುಣ್ಣದಕಲ್ಲಿನ ಪರೀಕ್ಷೆ ಹಗಲೂ ರಾತ್ರಿ ನಡೆಯುತ್ತಿರುತ್ತದೆ. ಕೆಮಿಸ್ಟ್ರಿ ಓದುವವರಿಗೆ ಅದಕ್ಕಿಂತ ಒಳ್ಳೆಯ ಜಾಗ ಯಾವುದು? ಯಾದಗಿರಿಯ ಕಡೇಚೂರು ಮತ್ತು ಬೀದರ್‌ನ ಕೊಳಾರ ಕೈಗಾರಿಕಾ ಪ್ರದೇಶಗಳಲ್ಲಿ ಔಷಧ ತಯಾರಿಸುವ ಘಟಕಗಳಿವೆ. ಕಲ್ಯಾಣ ಕರ್ನಾಟಕ ಸಾರಿಗೆ ನಿಗಮ ಮತ್ತು ವಿದ್ಯುತ್ ಪೂರೈಸುವ ಜೆಸ್ಕಾಂ ಎರಡರ ಮುಖ್ಯ ಕಚೇರಿಯೂ ಕಲಬುರಗಿಯಲ್ಲೇ ಇದೆ. ಸೌಹಾರ್ದ ಸಹಕಾರಿ, ಆಡಿಟರ್ ಆಫೀಸು, ಕೃಷಿ ವಿಜ್ಞಾನ ಕೇಂದ್ರ, ತಾಲೂಕು ಆಸ್ಪತ್ರೆಯ ರೆಕಾರ್ಡ್ ವಿಭಾಗ, ಹೇಳುತ್ತಾ ಹೋದರೆ ಮುಗಿಯುವುದಿಲ್ಲ.

ಬಿ.ಎ. ಮಕ್ಕಳು "ನಮಗ್ಯಾರ ತಗೋತಾರ್ರಿ ಸರ್" ಅಂತ ಮುಖ ಸಣ್ಣ ಮಾಡುತ್ತಾರೆ. ಅಶೋಕನ ಹೆಸರು ಕೆತ್ತಿದ ಅವನದೇ ಶಿಲ್ಪ ಸಿಕ್ಕ ಕನಗನಹಳ್ಳಿ ಇರುವುದು ನಮ್ಮ ಚಿತ್ತಾಪುರ ತಾಲೂಕಿನಲ್ಲಿ, ಸನ್ನತಿಯ ಪಕ್ಕ. ಬೀದರ್‌ನಲ್ಲಿ 1472ರಲ್ಲಿ ಕಟ್ಟಿದ ಮಹಮೂದ್ ಗವಾನ್ ಮದರಸಾ ಇದೆ. ಇತಿಹಾಸ ಓದುವವರಿಗೆ ವಸ್ತುಸಂಗ್ರಹಾಲಯ ಇದೆ, ಕನ್ನಡ ಓದುವವರಿಗೆ ಪತ್ರಿಕಾ ಕಚೇರಿ, ಆಕಾಶವಾಣಿ ಇವೆ, ಸಮಾಜಶಾಸ್ತ್ರದವರಿಗೆ ಗ್ರಾಮ ಪಂಚಾಯಿತಿ ಇದೆ. ಬಿಬಿಎ ಓದುವ ಬೀದರ್‌ನ ಹುಡುಗ ಬಿದರಿ ಕೆಲಸದವರ ಬಳಿ ಹೋಗಿ ಕೂರಲಿ. ಸತು ಮತ್ತು ತಾಮ್ರ ಕರಗಿಸಿ ಅಚ್ಚು ಹೊಯ್ಯುವುದು, ಉಳಿಯಿಂದ ಗೆರೆ ಕೊರೆದು ಬೆಳ್ಳಿ ತಂತಿ ಕೂರಿಸುವುದು, ಕೋಟೆಯ ಹಳೆಯ ಮಣ್ಣು ಹಚ್ಚಿ ಕಪ್ಪು ಬರಿಸುವುದು, ಇದನ್ನೆಲ್ಲ ನೋಡಿ ಒಂದು ಡಬ್ಬಿಗೆ ಎಷ್ಟು ದಿನದ ಕೂಲಿ ಬಿತ್ತು, ಎಷ್ಟಕ್ಕೆ ಮಾರಿದರೆ ಕುಶಲಕರ್ಮಿಗೆ ಗಿಟ್ಟುತ್ತದೆ ಅಂತ ಬರೆದರೆ ಅದಕ್ಕಿಂತ ಒಳ್ಳೆಯ ತಯಾರಿಕೆ ಖರ್ಚಿನ ರಿಪೋರ್ಟ್ ಬೇರೆ ಬೇಕಾ?

ಆದರೆ ಒಂದು ಮಾತು. ಯಾವ ಜಾಗಕ್ಕೆ ಹೋದರೂ ಕಾಲೇಜು ಮೊದಲು ಒಪ್ಪಬೇಕು. ಇದನ್ನು ನಾನು ಪೆಟ್ಟು ತಿಂದು ಕಲಿತಿದ್ದೇನೆ. ಮೊದಲ ಸಲ ಉಸ್ತುವಾರಿ ವಹಿಸಿಕೊಂಡಾಗ ನಾಲ್ಕು ಮಕ್ಕಳು ಬಾಯಿಮಾತಿನಲ್ಲೇ ಒಂದು ಅಂಗಡಿಗೆ ಹೋಗಿ ಕೆಲಸ ಶುರು ಮಾಡಿದ್ದರು. ಪತ್ರ ಆಮೇಲೆ ಕೊಟ್ಟರಾಯಿತು ಅಂತ ನಾನೂ ಸುಮ್ನೆ ಬಿಟ್ಟೆ. ಕೊನೆಗೆ ನೋಡಿದರೆ ಪತ್ರದ ತಾರೀಖಿಗಿಂತ ಮುಂಚೆ ಮಾಡಿದ ಗಂಟೆಗಳನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಮಕ್ಕಳು ಮತ್ತೆ ಒಂಬತ್ತು ದಿನ ಹೋಗಬೇಕಾಯಿತು, ಅದೂ ಪರೀಕ್ಷೆ ಹತ್ತಿರ ಬಂದಾಗ. ಅವರ ಮುಖ ಇನ್ನೂ ನನ್ನ ಕಣ್ಣ ಮುಂದಿದೆ. ಅಂದಿನಿಂದ ನಾನು ಈ ಕ್ರಮ ಬಿಟ್ಟಿಲ್ಲ. ಮೊದಲು ಕಾಲೇಜಿನಿಂದ ಕೋರಿಕೆ ಪತ್ರ. ಆಮೇಲೆ ಅವರಿಂದ ಒಪ್ಪಿಗೆ ಪತ್ರ, ಅದರಲ್ಲಿ ಶುರುವಾಗುವ ತಾರೀಖು, ದಿನದ ಹೊತ್ತು, ಅಲ್ಲಿ ನಿಮ್ಮನ್ನು ನೋಡಿಕೊಳ್ಳುವವರ ಹೆಸರು. ಅದು ಕೈಗೆ ಬಂದ ಮರುದಿನ ಕೆಲಸ. ಹೊತ್ತಿನ ಸಾಲನ್ನು ಮರೆಯಬೇಡಿ. 'ಒಂದು ತಿಂಗಳು ಕೆಲಸ ಮಾಡಿದ್ದಾರೆ' ಅನ್ನುವ ಪತ್ರದಿಂದ ಗಂಟೆ ಲೆಕ್ಕ ಸಿಗುವುದಿಲ್ಲ.

ಡೈರಿಯ ಒಂದು ಪುಟ

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ಕ್ರೆಡಿಟ್ ಗಳಿಸುವುದು ಡೈರಿಯಲ್ಲಿ. ಲಾಗ್‌ಬುಕ್, ವರ್ಕ್ ಡೈರಿ, ಏನಾದರೂ ಕರೆಯಿರಿ. ದಿನವೂ ಬರೆದು, ಅಲ್ಲಿಯ ಮೇಲ್ವಿಚಾರಕರ ಸಹಿ ಹಾಕಿಸಿದ ಪುಸ್ತಕ ಅದು. ಸರ್ಟಿಫಿಕೇಟ್ ಒಂದು ಹಾಳೆ. ಹೋಗಿದ್ದಳು ಅಂತ ಅದು ಹೇಳುತ್ತದೆ, ಏನು ಕಲಿತಳು ಅಂತ ಹೇಳುವುದಿಲ್ಲ. ಅಂಕ ಕೊಡಲು ಕೂತ ನನಗೆ ಬೇಕಾಗಿರುವುದು ಎರಡನೆಯದು.

ಆಳಂದ ಕಡೆಯ ಒಬ್ಬ ಬಿ.ಕಾಂ. ಹುಡುಗಿ ಬೇಳೆ ಮಿಲ್ ಒಂದಕ್ಕೆ ಹೋದಳು. ಮೊದಲ ಮೂರು ದಿನದ ಡೈರಿ ಹೀಗಿತ್ತು: "ಇಂದು ಮಿಲ್‌ಗೆ ಹೋದೆ. ಅಕೌಂಟ್ಸ್ ನೋಡಿದೆ. ಮಾಹಿತಿ ಪಡೆದೆ." ಮೂರೂ ದಿನ ಇದೇ. ತಾರೀಖು ಮಾತ್ರ ಬೇರೆ. ನೂರು ಡೈರಿ ತೆಗೆದರೆ ಎಷ್ಟೋ ಡೈರಿಗಳಲ್ಲಿ ಇದೇ ಮೂರು ಸಾಲು ಸಿಗುತ್ತದೆ. ನಾನು ಅವಳಿಗೆ ಹೇಳಿದ್ದು ಇಷ್ಟೇ: "ನೋಡವ್ವಾ, ನಾಳೆ ಒಂದ ಕೆಲಸ ಹಿಡಿ. ಎಷ್ಟು ಮಾಡ್ದಿ, ಎಲ್ಲಿ ಸಿಕ್ಕಾಕೊಂಡಿ, ಯಾರನ್ನ ಕೇಳ್ದಿ, ಅದನ್ನ ಬರಿ."

ಮಿಲ್‌ನಲ್ಲಿ ಲೆಕ್ಕ ಬರೆಯುವ ಮುನೀಮರೂ ಅದನ್ನೇ ಬೇರೆ ಥರ ಹೇಳಿದರಂತೆ. "ಬರೇ ನೋಡ್ಕೋತ ಕುಂದ್ರಬ್ಯಾಡ ತಂಗಿ, ಕೈ ಹಚ್ಚು." ಅಂದು ಒಂದು ಕಟ್ಟು ಕಾಟಾ ಚೀಟಿ (ತೂಕದ ಚೀಟಿ) ಅವಳ ಮುಂದೆ ಇಟ್ಟರು. ಬಿಲ್ ಜೊತೆ ತಾಳೆ ನೋಡು ಅಂದರು.

ನಾಲ್ಕನೇ ದಿನದ ಪುಟ ಈಗಲೂ ನನ್ನ ಬಳಿ ಜೆರಾಕ್ಸ್ ಇದೆ. "ಇಂದು 14 ಕಾಟಾ ಚೀಟಿಗಳನ್ನು ಬಿಲ್ ಜೊತೆ ತಾಳೆ ನೋಡಿದೆ. 13 ಸರಿ ಇತ್ತು. ಒಂದರಲ್ಲಿ ಬಿಲ್‌ನ ತೂಕ ಜಾಸ್ತಿ ಇತ್ತು. ಕಾರಣ ತಿಳಿಯಲಿಲ್ಲ. ಮುನೀಮರನ್ನು ಕೇಳಿದೆ. ಬಾರದಾನ (ಖಾಲಿ ಚೀಲದ ತೂಕ) ಕಳೆದಿಲ್ಲ ಅಂದರು. 100 ಚೀಲ. ಒಂದು ಖಾಲಿ ಚೀಲ ಅರ್ಧ ಕೆ.ಜಿ. ಮೇಲೆ ಬರುತ್ತದೆ. ಅಂದರೆ ಅರ್ಧ ಕ್ವಿಂಟಲ್ ಗೋಣಿಗೆ ತೊಗರಿಯ ರೊಕ್ಕ ಕೊಡುತ್ತಿದ್ದರು."

ಈ ಏಳೆಂಟು ಸಾಲಿನಲ್ಲಿ ಏನೇನಿದೆ ನೋಡಿ. ಮಾಡಿದ ಕೆಲಸಕ್ಕೆ ಲೆಕ್ಕ ಇದೆ. ಸಿಕ್ಕಿಹಾಕಿಕೊಂಡ ಜಾಗ ಇದೆ. ಕೇಳಿ ತಿಳಿದದ್ದು ಇದೆ. ತಪ್ಪಿನ ಬೆಲೆಯನ್ನೂ ಅವಳೇ ಹುಡುಕಿದ್ದಾಳೆ. 2025-26ಕ್ಕೆ ಕೇಂದ್ರ ಸರ್ಕಾರ ತೊಗರಿಗೆ ಕ್ವಿಂಟಲ್‌ಗೆ 8,000 ರೂಪಾಯಿ ಬೆಂಬಲ ಬೆಲೆ ಇಟ್ಟಿತ್ತು. ಆ ದರದಲ್ಲಿ ಅರ್ಧ ಕ್ವಿಂಟಲ್ ಅಂದರೆ 4,000 ರೂಪಾಯಿ. ಒಂದೇ ಬಿಲ್‌ನಲ್ಲಿ. 'ನೆಟ್ ತೂಕ, ಗ್ರಾಸ್ ತೂಕ' ಅಂತ ನಾನು ಕ್ಲಾಸಿನಲ್ಲಿ ಎಷ್ಟು ಸಲ ಹೇಳಿದ್ದೆನೋ. ಅವಳಿಗೆ ಅದು ನಾಟಿದ್ದು ಆ ಚೀಟಿಯಲ್ಲಿ.

ಆಮೇಲೆ ಅವಳ ಡೈರಿ ತಾನಾಗಿ ಬೆಳೆಯಿತು. ಒಂದು ಕ್ವಿಂಟಲ್ ತೊಗರಿ ಒಡೆದರೆ ಬೇಳೆ ಸುಮಾರು 70 ಕೆ.ಜಿ. ಸುತ್ತ ಬರುತ್ತದೆ. ಉಳಿದದ್ದು ಹೊಟ್ಟು, ನುಚ್ಚು, ಚುನ್ನಿ. ಅದೂ ದನದ ಮೇವಿಗೆ ಮಾರಾಟವಾಗುತ್ತದೆ. ಹಾಗಾದರೆ ಬೇಳೆಯ ಅಸಲು ಬೆಲೆ ಲೆಕ್ಕ ಹಾಕುವಾಗ ಚುನ್ನಿ ಮಾರಿದ ದುಡ್ಡನ್ನು ಎಲ್ಲಿ ಕಳೆಯಬೇಕು? ಕಾಸ್ಟ್ ಅಕೌಂಟಿಂಗ್‌ನಲ್ಲಿ ಉಪ ಉತ್ಪನ್ನ ಅಂತ ಒಂದು ಅಧ್ಯಾಯವೇ ಇದೆ. ಪರೀಕ್ಷೆಗೆ ಬರುವುದಿಲ್ಲ ಅಂತ ಮಕ್ಕಳು ಬಿಡುವ ಅಧ್ಯಾಯ ಅದು. ಅವಳು ತಾನೇ ಪುಸ್ತಕ ತೆಗೆದು ಓದಿಕೊಂಡು ಬಂದು ನನ್ನ ಜೊತೆ ವಾದ ಮಾಡಿದಳು. ಮೇಷ್ಟ್ರಿಗೆ ಅದಕ್ಕಿಂತ ಇನ್ನೇನು ಬೇಕು ಹೇಳಿ.

ರಿಪೋರ್ಟ್ ಬರೆಯುವುದು ಕಷ್ಟ ಅಂತ ಹೇಳುವವರ ಡೈರಿ ತೆಗೆದು ನೋಡಿ, ಅದು ಖಾಲಿ ಇರುತ್ತದೆ. ಡೈರಿ ತುಂಬಿದ್ದರೆ ರಿಪೋರ್ಟ್ ಅರ್ಧ ಬರೆದಾಗಿದೆ. ಸಂಸ್ಥೆಯ ಚರಿತ್ರೆ, ಮಾಲೀಕರ ಫೋಟೊ, ಇಂಟರ್ನೆಟ್‌ನಿಂದ ಇಳಿಸಿಕೊಂಡ ಹತ್ತು ಪುಟ, ಇವುಗಳಿಂದ ದಪ್ಪ ಮಾಡಿದ ರಿಪೋರ್ಟ್‌ಗಳು ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಎರಡೇ ನಿಮಿಷಕ್ಕೆ ಕುಸಿಯುತ್ತವೆ. "ನಿನ್ನ ಕೈಯಿಂದ ಏನು ಮಾಡಿದೆ?" ಅಂತ ಪರೀಕ್ಷಕರು ಕೇಳಿದರೆ ಮೌನ. ಆ ಹುಡುಗಿ ವೈವಾದಲ್ಲಿ ಬಾರದಾನದ ಕತೆಯಿಂದಲೇ ಶುರು ಮಾಡಿದಳು. ಪರೀಕ್ಷಕರು ಪೆನ್ನು ಕೆಳಗಿಟ್ಟು ಕೇಳಿದರು.

ಬಿಸಿಲು, ಬಸ್ಸು, ರೊಕ್ಕ

ನಮ್ಮ ಕಡೆಯ ಬಿಸಿಲನ್ನು ಬಿಟ್ಟು ಇಂಟರ್ನ್‌ಶಿಪ್ ಲೆಕ್ಕ ಹಾಕಲಾಗದು. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ಹೊತ್ತು ಬದಲಾಗುತ್ತದೆ. ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ. ಅಂದರೆ ದಿನಕ್ಕೆ ಐದೂವರೆ ಗಂಟೆ. ಆ ದಿನಗಳಲ್ಲಿ ಸರ್ಕಾರಿ ಕಚೇರಿಗೆ ಹೋದರೆ 120 ಗಂಟೆಗೆ 20 ದಿನ ಸಾಲದು, 22 ದಿನ ಬೇಕು. ನಡುವೆ ರಜೆ ಬಂದರೆ ಇನ್ನೂ ಮುಂದೆ ಹೋಗುತ್ತದೆ. ಒಪ್ಪಿಗೆ ಪತ್ರ ತೆಗೆದುಕೊಳ್ಳುವಾಗಲೇ ಇದನ್ನು ಎಣಿಸಿಕೊಳ್ಳಿ.

ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆ. ಆಳಂದದಿಂದ ಕಲಬುರಗಿಗೆ, ಹುಮನಾಬಾದ್‌ನಿಂದ ಬೀದರ್‌ಗೆ ದಿನವೂ ಬಂದು ಹೋದರೂ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ಈ ಒಂದು ಕಾರಣಕ್ಕೇ ಮನೆಯವರು ಒಪ್ಪಿದ ಉದಾಹರಣೆ ನನ್ನ ಕ್ಲಾಸಿನಲ್ಲೇ ಇದೆ. ಗಂಡುಮಕ್ಕಳ ಬಸ್ ಪಾಸ್ ಊರಿಂದ ಕಾಲೇಜಿನ ದಾರಿಗೆ ಮಾತ್ರ. ಬೇರೆ ದಾರಿಯ ಕಾರ್ಖಾನೆಗೆ ಹೋದರೆ ಖರ್ಚು ಕೈಯಿಂದಲೇ. ಅವರಿಗೆ ಪಾಸ್ ಇರುವ ದಾರಿಯಲ್ಲೇ ಜಾಗ ಹುಡುಕಲು ಹೇಳುತ್ತೇನೆ.

ಇನ್ನು ರೊಕ್ಕದ ವಿಷಯ. "ಇಷ್ಟು ಫೀಸ್ ಕಟ್ಟಿ, ಮನೆಯಲ್ಲೇ ಕೂತು ಇಂಟರ್ನ್‌ಶಿಪ್ ಮಾಡಿ, ಸರ್ಟಿಫಿಕೇಟ್ ಗ್ಯಾರಂಟಿ" ಅನ್ನುವ ಮೆಸೇಜ್ ಬಂದರೆ ಅಳಿಸಿಬಿಡಿ. ಆನ್‌ಲೈನ್ ಇಂಟರ್ನ್‌ಶಿಪ್ಪೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಯುಜಿಸಿ ಮಾರ್ಗಸೂಚಿ ಡಿಜಿಟಲ್ ಇಂಟರ್ನ್‌ಶಿಪ್‌ಗೂ ಅವಕಾಶ ಕೊಟ್ಟಿದೆ. ಬಿಸಿಎ ಮಕ್ಕಳು ಮನೆಯಿಂದಲೇ ಒಳ್ಳೆಯ ಕೆಲಸ ಮಾಡಿದ್ದೂ ಇದೆ. ಆದರೆ ಅಲ್ಲಿ ಕೆಲಸ ಕೊಡುವ ಒಬ್ಬ ಮನುಷ್ಯ ಇರಬೇಕು, ಮಾಡಿದ್ದನ್ನು ನೋಡಿ ಸರಿ ತಪ್ಪು ಹೇಳಬೇಕು. ದುಡಿಯುವವರೇ ದುಡ್ಡು ಕೊಡುವ ಜಾಗದಲ್ಲಿ ಕಲಿಸುವ ಆಸೆ ಯಾರಿಗೂ ಇರುವುದಿಲ್ಲ. ಅದು ಹಾಳೆ ಮಾರುವ ಅಂಗಡಿ. ಹಳ್ಳಿಯಿಂದ ಬಂದ ಮಕ್ಕಳು, ಅದೂ ಮೊದಲ ಸಲ ಕಾಲೇಜು ಕಂಡ ಮನೆಯ ಮಕ್ಕಳು, ಇಂಥ ಅಂಗಡಿಗೆ ಎರಡು ಸಾವಿರ ಕಟ್ಟಿ ಬಂದಾಗ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಇದಕ್ಕೆ ಉಲ್ಟಾ ತೊಂದರೆಯೂ ಇದೆ. ಕೆಲವು ಕಡೆ ಹುಡುಗರನ್ನು ಚಹಾ ತರಲು, ಬ್ಯಾಂಕಿಗೆ ಓಡಾಡಲು ಮಾತ್ರ ಇಟ್ಟುಕೊಳ್ಳುತ್ತಾರೆ. ಒಂದೆರಡು ದಿನ ಹಾಗಾದರೆ ಸಹಿಸಿ. ಎಲ್ಲ ಜಾಗದಲ್ಲೂ ಹೊಸಬರು ಹಾಗೇ ಶುರು ಮಾಡುವುದು. ಒಂದು ವಾರವಾದರೂ ಅದೇ ಆದರೆ ಕಾಲೇಜಿನ ಮಾರ್ಗದರ್ಶಕರಿಗೆ ಹೇಳಿ. ಅವರು ಒಂದು ಸಲ ಹೋಗಿ "ಸಾವ್ಕಾರ್ರೆ, ಹುಡುಗಗ ಸ್ವಲ್ಪ ಲೆಕ್ಕದ ಕೆಲಸ ಕೊಡ್ರಿ" ಅಂದರೆ ಎಷ್ಟೋ ಸಲ ಸಾಕು. ಮಾಲೀಕರಿಗೆ ಕೆಟ್ಟ ಮನಸ್ಸು ಇರುವುದಿಲ್ಲ. ಇಂಟರ್ನ್ ಕೈಯಲ್ಲಿ ಏನು ಮಾಡಿಸಬೇಕು ಅಂತ ಅವರಿಗೂ ಗೊತ್ತಿರುವುದಿಲ್ಲ, ಅಲ್ವಾ? ಅದಕ್ಕೇ ನಾನು ಈಗ ಕೋರಿಕೆ ಪತ್ರದ ಜೊತೆ ಅರ್ಧ ಪುಟದ ಒಂದು ಚೀಟಿ ಕಳಿಸುತ್ತೇನೆ. ಈ ಮಗುವಿಗೆ ಟ್ಯಾಲಿ (ಲೆಕ್ಕದ ಸಾಫ್ಟ್‌ವೇರ್) ಇಷ್ಟು ಬರುತ್ತದೆ, ಇಂಥ ಇಂಥ ಕೆಲಸ ಕೊಡಬಹುದು ಅಂತ.

ಕೆಲಸ ಹುಡುಕುವಾಗ

ರೆಸ್ಯೂಮೆಯಲ್ಲಿ "ಟ್ಯಾಲಿ ಗೊತ್ತು, ಎಂ.ಎಸ್. ಆಫೀಸ್ ಗೊತ್ತು" ಅಂತ ಎಲ್ಲರೂ ಬರೆಯುತ್ತಾರೆ. "20 ದಿನ ಬೇಳೆ ಮಿಲ್‌ನಲ್ಲಿ ಕಾಟಾ ಚೀಟಿ ಮತ್ತು ಬಿಲ್ ತಾಳೆ ನೋಡಿದ್ದೇನೆ, ಬಾರದಾನದ ವ್ಯತ್ಯಾಸ ಹಿಡಿದಿದ್ದೇನೆ" ಅಂತ ಬರೆಯುವವರು ಎಷ್ಟು ಜನ? ಸಂದರ್ಶನಕ್ಕೆ ಕೂತವರು ಅದೇ ಸಾಲಿನ ಮೇಲೆ ಬೆರಳಿಟ್ಟು ಕೇಳುತ್ತಾರೆ. ಉತ್ತರ ನಿಮ್ಮದೇ ಆಗಿರುತ್ತದೆ. ಇಂಗ್ಲಿಷ್ ತಡವರಿಸಿದರೂ ವಿಷಯ ತಡವರಿಸುವುದಿಲ್ಲ. ನಮ್ಮ ಮಕ್ಕಳಿಗೆ ಇದು ಸಣ್ಣ ಲಾಭವಲ್ಲ.

ಇನ್ನೊಂದು ಲಾಭವನ್ನು ಯಾರೂ ಎಣಿಸುವುದಿಲ್ಲ. ಯಾವ ಕೆಲಸ ನನಗೆ ಬೇಡ ಅಂತ ಗೊತ್ತಾಗುವುದು. ಬ್ಯಾಂಕ್ ಕೆಲಸದ ಕನಸು ಕಾಣುತ್ತಿದ್ದ ಒಬ್ಬ ಹುಡುಗ ಸಹಕಾರಿ ಸಂಘವೊಂದರ ಕೌಂಟರ್ ಹಿಂದೆ ಮೂರು ವಾರ ಕೂತು ಬಂದು "ನಂಗ ಇದು ಆಗಂಗಿಲ್ರಿ ಸರ್, ನಾ ಹೊರಗ ತಿರಗೋ ಕೆಲಸ ಮಾಡ್ತೀನಿ" ಅಂದ. ಮೂರು ವರ್ಷ ಬ್ಯಾಂಕ್ ಪರೀಕ್ಷೆ ಬರೆದು ಇದನ್ನು ತಿಳಿಯುವುದಕ್ಕಿಂತ ಮೂರು ವಾರದಲ್ಲಿ ತಿಳಿದದ್ದು ಒಳ್ಳೆಯದಾಯಿತು. ಅವನ ಡೈರಿಗೆ ನಾನು ಪೂರ್ತಿ ಅಂಕ ಕೊಟ್ಟೆ. ಯಾಕೆ ಬೇಡ ಅನ್ನುವುದನ್ನು ಅಷ್ಟು ಚೆನ್ನಾಗಿ ಬರೆದಿದ್ದ.

ಕೊನೆಯ ದಿನ ಬರುವಾಗ ಮೇಲ್ವಿಚಾರಕರ ಫೋನ್ ನಂಬರ್ ಕೇಳಿ ಬರೆದುಕೊಳ್ಳಿ. ಮುಂದೆ ಕೆಲಸಕ್ಕೆ ಅರ್ಜಿ ಹಾಕುವಾಗ ನಿಮ್ಮ ಹೆಸರು ಕೊಡಬಹುದಾ ಅಂತಲೂ ಕೇಳಿ. ಹಬ್ಬಕ್ಕೆ ಒಂದು ಮೆಸೇಜ್ ಹಾಕಿ.

ಫಲಿತಾಂಶ ಬಂದಮೇಲೆ ಒಂದು ಕೆಲಸ ಉಳಿದಿರುತ್ತದೆ. ಕ್ರೆಡಿಟ್‌ಗಳು ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್‌ನಲ್ಲಿ ಜಮಾ ಆಗಬೇಕು. 2021ರಲ್ಲಿ ಶುರುವಾದ ವ್ಯವಸ್ಥೆ ಇದು. ನಿಮ್ಮ 12 ಅಂಕಿಯ ವಿದ್ಯಾರ್ಥಿ ಗುರುತು ಸಂಖ್ಯೆಯಾದ ಅಪಾರ್ ಐಡಿ ಮೇಲೆ ವಿಶ್ವವಿದ್ಯಾಲಯ ಏರಿಸುತ್ತದೆ, ಡಿಜಿಲಾಕರ್‌ನಲ್ಲಿ ನೀವು ನೋಡಬಹುದು. ಮುಂದೆ ಬೇರೆ ಕಾಲೇಜಿಗೆ ಹೋದರೂ ಕ್ರೆಡಿಟ್ ಜೊತೆಗೆ ಬರಲಿ ಅಂತ ಮಾಡಿದ್ದು. ನಮ್ಮ ಕಡೆ ಇದರಲ್ಲಿ ಮತ್ತೆ ಮತ್ತೆ ಆಗುವ ತೊಂದರೆ ಹೆಸರಿನದು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ತಂದೆಯ ಹೆಸರು ಸೇರಿರುತ್ತದೆ, ಆಧಾರ್‌ನಲ್ಲಿ ಬರೇ ಇನಿಷಿಯಲ್. ಒಂದರಲ್ಲಿ 'ಶರಣಬಸಪ್ಪ', ಇನ್ನೊಂದರಲ್ಲಿ 'ಶರಣಬಸವ'. ಎರಡೂ ತಾಳೆಯಾಗದೆ ಕ್ರೆಡಿಟ್ ನಿಂತುಬಿಡುತ್ತದೆ. ಮೊದಲ ವರ್ಷದಲ್ಲೇ ಆಧಾರ್ ತಿದ್ದಿಸಿಕೊಳ್ಳಿ. ಕೊನೆಯ ಸೆಮಿಸ್ಟರ್‌ನಲ್ಲಿ ಸೇವಾ ಕೇಂದ್ರದ ಸರದಿಯಲ್ಲಿ ನಿಲ್ಲಲು ಯಾರಿಗೂ ಹೊತ್ತಿರುವುದಿಲ್ಲ.

ಈ ಸಲ ನಾಲ್ಕನೇ ಸೆಮಿಸ್ಟರ್‌ನಲ್ಲಿ ಇರುವವರು ಪರೀಕ್ಷೆ ಮುಗಿಯಲಿ ಅಂತ ಕಾಯಬೇಡಿ. ಎರಡು ತಿಂಗಳು ಮುಂಚೆಯೇ ಹೋಗಿ ಒಂದು ಸಲ ಮುಖ ತೋರಿಸಿ ಬನ್ನಿ. ಗಂಜ್‌ಗೆ ಹೋಗುವುದಾದರೆ ಹರಾಜು ನಡೆಯುವಾಗ ಹೋಗಬೇಡಿ, ಆಗ ಯಾರಿಗೂ ಮಾತಾಡಲು ಪುರಸೊತ್ತಿರುವುದಿಲ್ಲ. ಹರಾಜು ಮುಗಿದು, ಹಮಾಲರು ಚೀಲ ಎತ್ತಿಟ್ಟು, ಮುನೀಮರು ಚಹಾಕ್ಕೆ ಕೂತ ಹೊತ್ತಿನಲ್ಲಿ ಹೋಗಿ. ಕೈಯಲ್ಲಿ ಕಾಲೇಜಿನ ಪತ್ರ ಇರಲಿ, ಒಂದು ಹೊಸ ನೋಟ್‌ಬುಕ್ಕೂ ಇರಲಿ.